ಎಲ್ಲರ ಉತ್ತರವೂ ಗುರುಪುತ್ರಪ್ಪನ ಬಾಯಲ್ಲಿ

ನನ್ನ ಭಾವ ಗುರುಪುತ್ರಪ್ಪ ಕರಡಿಗುದ್ದಿ ಬೆಳಗಾವಿಯಲ್ಲಿ ದೊಡ್ಡ ಮನುಷ್ಯ. ಎಷ್ಟು ದೊಡ್ಡವನು ಅಂದರೆ, ಫ್ಲೆಕ್ಸಿನಲ್ಲಿ ತನ್ನ ಮುಖ ಎಷ್ಟಗಲ ಬರಬೇಕು ಅಂತ ತಾನೇ ಅಳತೆ ಹೇಳಿ ಕಳಿಸುವಷ್ಟು. ಆ ಫ್ಲೆಕ್ಸ್ ಹೊಡೆದು ಕೊಡುವವನು ನಾನು, ಈರಣ್ಣ. ಶಹಾಪುರದಲ್ಲಿ ನಮ್ಮಪ್ಪ ಮಗ್ಗ ಹಾಕಿದ್ದ ಪಡಸಾಲೆಯಲ್ಲೇ ಈಗ ನನ್ನ ಪ್ರೆಸ್ಸು ನಡೆಯುತ್ತದೆ. ನನ್ನ ಅಕ್ಕ ಬಸವಣ್ಣೆವ್ವನನ್ನು ಅವನಿಗೆ ಕೊಟ್ಟಿದ್ದೇವೆ. ಎದುರಿಗೆ ಸಿಕ್ಕಾಗ ‘ಭಾವಾ, ನೀವು, ತಾವು’ ಎಲ್ಲ ಅನ್ನುತ್ತೇನೆ. ಬರೆಯುವಾಗ ಏಕವಚನವೇ ಅವನಿಗೆ ಹೆಚ್ಚಾಯಿತು.

ಅವನ ಉದ್ಯೋಗ ಏನು ಅಂತ ಕೇಳಿದರೆ ನಮ್ಮ ಓಣಿಯ ಅರ್ಧ ಮಂದಿ ‘ಡಾಕ್ಟರ್’ ಅನ್ನುತ್ತಾರೆ, ಅವನು ಅಲ್ಲ ಅನ್ನುವುದಿಲ್ಲ. ನಿಜವಾಗಿ ಅವನು ಆಸ್ಪತ್ರೆಗಳ ನರ್ಸುಗಳಿಗೆ, ಕಂಪ್ಯೂಟರ್ ಮುಂದೆ ಕೂಡುವ ಹುಡುಗಿಯರಿಗೆ ತರಬೇತಿ ಕೊಡುತ್ತಾನೆ. ರೋಗಿಯನ್ನು ಹೇಗೆ ಕೇಳಬೇಕು, ಹೇಳಿದ್ದನ್ನು ಹೇಗೆ ಬರೆದುಕೊಳ್ಳಬೇಕು, ತಪ್ಪು ನುಸುಳದ ಹಾಗೆ ಹೇಗೆ ನೋಡಿಕೊಳ್ಳಬೇಕು, ಇದು ವಿಷಯ. ಕೆಲಸ ಒಳ್ಳೆಯದೇ, ಬೇಕಾದದ್ದೇ. ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಹೆಸರಿನ ಮುಂದೆ ಬಿದ್ದರೆ ಜೀವವೇ ಹೋದೀತು. ಅಂಥ ಕೆಲಸ ಎಂಥವನ ಕೈಗೆ ಸಿಕ್ಕಿತು ಅನ್ನುವುದು ನನ್ನ ತಕರಾರು.

ಮೊದಲು ಅವನು ಔಷಧ ಕಂಪನಿಯ ಪ್ರತಿನಿಧಿಯಾಗಿದ್ದ. ಟೈ ಕಟ್ಟಿಕೊಂಡು, ಚರ್ಮದ ಚೀಲ ಹಿಡಿದು, ಖಾನಾಪುರ ತಾಲೂಕಿನ ಡಾಕ್ಟರುಗಳನ್ನು ಭೇಟಿಯಾಗಿ ಬರುವುದು ನೌಕರಿ. ಈ ಪುಣ್ಯಾತ್ಮ ಖಾನಾಪುರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಿಸಳ್ ತಿನ್ನುತ್ತ ಕೂತು, ಇಡೀ ತಾಲೂಕಿನ ಡಾಕ್ಟರುಗಳ ಅಭಿಪ್ರಾಯವನ್ನು ತಾನೇ ಬರೆದು ಕಂಪನಿಗೆ ಕಳಿಸುತ್ತಿದ್ದ. ಯಾವ ಡಾಕ್ಟರು ಯಾವ ಸಿರಪ್ಪಿಗೆ ಏನಂದರು, ಯಾರು ನಕ್ಕರು, ಯಾರು ಇನ್ನೊಂದು ಸ್ಯಾಂಪಲ್ ಕೇಳಿದರು, ಎಲ್ಲಾ ಇರುತ್ತಿತ್ತು. ಕಡೆಗೆ ಒಬ್ಬ ಡಾಕ್ಟರು ತೀರಿಕೊಂಡ ಮೇಲೂ ಕೆಮ್ಮಿನ ಔಷಧವನ್ನು ಮನಸಾರೆ ಹೊಗಳಿದ್ದಾರೆ ಅಂತ ಬರೆದುಬಿಟ್ಟ. ಕಂಪನಿಯವರು ಮನೆಗೆ ಕಳಿಸಿದರು.

ಮರ್ಯಾದೆ ಇದ್ದವನು ನಾಲ್ಕು ದಿನ ತಲೆ ತಗ್ಗಿಸಿ ಓಡಾಡುತ್ತಿದ್ದ. ಇವನು ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸ ಹಿಡಿದ, ಅಲ್ಲಿಂದ ಎಲ್ಲಿಯೋ ಹೋಗಿ ಒಂದು ಸಣ್ಣ ಕೋರ್ಸ್ ಮಾಡಿಕೊಂಡು ಬಂದ, ಸದಾಶಿವನಗರದಲ್ಲಿ ಮನೆಯ ಮೇಲಿನ ಮಹಡಿಗೆ ಬೋರ್ಡು ಹಾಕಿ ತರಬೇತಿ ಸಂಸ್ಥೆ ತೆರೆದ. ಬೋರ್ಡಿನ ಮೇಲೆ ‘ನಿಖರ’ ಅಂತ ಹೆಸರು. ಅಕ್ಷರ ಬಂಗಾರದ ಬಣ್ಣದಲ್ಲಿ ಬೇಕು ಅಂದ. ಹೊಡೆದು ಕೊಟ್ಟೆ, ಹಾಳಾಗಿ ಹೋಗಲಿ ಅಂತ.

ನಮ್ಮ ಕಡೆ ಒಂದು ಚಟ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ರಸ್ತೆಯಲ್ಲಿ ನಿಲ್ಲಿಸಿ ಯಾರನ್ನಾದರೂ ವಿಳಾಸ ಕೇಳಿ ನೋಡಿ. ‘ಗೊತ್ತಿಲ್ಲ’ ಅನ್ನುವವರು ಸಿಗುವುದಿಲ್ಲ. ‘ಹಿಂಗ ಸೀದಾ ಹೋಗ್ರಿ, ಬಾಜೂಕ ಒಂದು ಗಿಡಾ ಬರತೈತಿ’ ಅಂತ ಎಲ್ಲಿಗೋ ಅಟ್ಟುತ್ತಾರೆ. ಕೇಳಿದವರನ್ನು ಬರಿಗೈಲಿ ಕಳಿಸುವುದು ಅವಮಾನ ಅಂತ ನಮ್ಮವರ ತಿಳುವಳಿಕೆ. ಮತ್ತೊಂದು ಚಟ, ಮನೆಯ ಹಿರಿಯ ಎದುರಿಗೆ ಇದ್ದರೆ ಉಳಿದವರ ಪರವಾಗಿ ಅವನೇ ಮಾತಾಡುವುದು. ಸೊಸೆಯಂತೂ ಮಾವನ ಮುಂದೆ ಬಾಯಿ ತೆರೆಯುವುದೇ ಇಲ್ಲ. ಈ ಎರಡೂ ಚಟ ಕೂಡಿ ಒಬ್ಬ ಮನುಷ್ಯನಾದರೆ ಅವನೇ ನಮ್ಮ ಗುರುಪುತ್ರಪ್ಪ.

ಅಕ್ಕನಿಗೆ ಮೊಣಕಾಲು ನೋವು ಬಂದಾಗ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ‘ಎಲ್ಲಿ ನೋವು ಅಮ್ಮಾ’ ಅಂತ ಅಕ್ಕನ ಮುಖ ನೋಡಿ ಕೇಳಿದರು. ಭಾವ ಬಗ್ಗಿ ಅವಳ ಎಡಗಾಲು ಮುಟ್ಟಿ ತೋರಿಸಿದ, ನೋವು ಯಾವಾಗಿಂದ, ಎಂಥದು, ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ ಎಲ್ಲಾ ಹೇಳಿದ. ಎಕ್ಸ್-ರೇ ಆಯಿತು. ಹೊರಗೆ ಬಂದ ಮೇಲೆ ಅಕ್ಕ ಬಲಗಾಲು ಎಳೆಯುತ್ತ ನಡೆಯುವುದನ್ನು ನೋಡಿ ಕೇಳಿದೆ.

“ಅಕ್ಕಾ, ನೋವು ಯಾವ ಕಾಲಾಗೈತಿ?”

“ಬಲಗಾಲಾಗ.”

“ಮತ್ತ ಒಳಗ ಯಾಕ ಹೇಳಲಿಲ್ಲ?”

“ಅವರು ಹೇಳಿದ ಮ್ಯಾಲೆ ನಾ ಹೆಂಗ ಅಲ್ಲ ಅನ್ನೂದೋ,” ಅಂದಳು ಅಕ್ಕ.

ನನಗೆ ಮೈ ಉರಿದು ಹೋಯಿತು. ಭಾವನಿಗೆ ಹೇಳಿದರೆ, “ನೋವು ಎಡಕ್ಕ ಶುರು ಆಗಿ ಬಲಕ್ಕ ಹೊಕ್ಕೈತಿ, ನಿನಗ ತಿಳಿಯಂಗಿಲ್ಲ,” ಅಂತ ನನಗೇ ಪಾಠ ಹೇಳಿದ.

ಈ ಮನುಷ್ಯನ ತರಬೇತಿ ಒಮ್ಮೆ ಖಾನಾಪುರದಲ್ಲಿ ನಡೆಯಿತು. ಬ್ಯಾನರು ಕಟ್ಟಲು ನಾನೇ ಹೋಗಿದ್ದೆ. ಒಂದು ಮಂಗಲ ಕಾರ್ಯಾಲಯದ ಹಾಲು, ಪ್ಲಾಸ್ಟಿಕ್ ಕುರ್ಚಿ, ಮೈಕು. ಸುತ್ತಲಿನ ಖಾಸಗಿ ಆಸ್ಪತ್ರೆಗಳ ನರ್ಸುಗಳು ಬಂದು ಕೂತಿದ್ದರು. ಅರ್ಧ ಮಂದಿ ತಮ್ಮೊಳಗೆ ಮರಾಠಿ ಮಾತಾಡುತ್ತಿದ್ದರು, ಅರ್ಧ ಮಂದಿ ಕನ್ನಡ. ಪರದೆಯ ಮೇಲೆ ಅಕ್ಷರ ಬಂದವು, ಭಾವ ಓದಿದ: ‘ರೋಗಿಯನ್ನೇ ಕೇಳಿ. ಗಂಡನನ್ನು ಕೇಳಬೇಡಿ, ಅತ್ತೆಯನ್ನು ಕೇಳಬೇಡಿ. ಆಕೆಯ ಭಾಷೆಯಲ್ಲಿ ಕೇಳಿ. ಉತ್ತರ ಬರುವವರೆಗೆ ಕಾಯಿರಿ.’ ಒಳ್ಳೆಯ ಮಾತು, ಯಾರೋ ತಿಳಿದವರು ಬರೆದದ್ದು. ಇವನು ಅದನ್ನು ಪಂಚಾಂಗ ಓದುವವರ ಹಾಗೆ ಗಡಗಡ ಓದಿ ಮುಗಿಸಿ, ಆಮೇಲೆ ತನ್ನ ಸ್ವಂತದ ಜ್ಞಾನ ಬಿಚ್ಚತೊಡಗಿದ.

“ನೋಡ್ರಿ, ಅರ್ಜಿಯೊಳಗ ಒಂದೂ ಮನಿ ಖಾಲಿ ಬಿಡಬಾರ್ದು. ಖಾಲಿ ಬಿಟ್ಟರ ನೀವು ಕೆಲಸ ಮಾಡಿಲ್ಲ ಅಂತ ಅರ್ಥ.”

ಹಿಂದಿನ ಸಾಲಿನಲ್ಲಿ ಪ್ರಮಿಳಾ ಅನ್ನುವ ನರ್ಸು ಎದ್ದು ನಿಂತಳು. “ಸರ, ಪೇಶಂಟಿಗೇ ಗೊತ್ತಿರಲಿಲ್ಲ ಅಂದ್ರ ಏನ್ ಬರೀಬೇಕ್ರಿ? ಯಾವುದರ ಔಷಧ ಮೈಗೆ ಹಿಡಿಯಂಗಿಲ್ಲೇನು ಅಂತ ಕೇಳಿದ್ರ ಭಾಳ ಮಂದಿ ಸುಮ್ಮ ಕುಂದರತಾರ್ರಿ.”

“ಗೊತ್ತಿಲ್ಲ ಅನ್ನೂದು ಉತ್ತರ ಅಲ್ಲವಾ ತಂಗಿ. ಇಲ್ಲ ಅಂತ ಬರಿ, ಮುಂದಿನ ಪ್ರಶ್ನೆಕ ಹೋಗು. ಇದ್ದಿದ್ರ ಅವರೇ ಒದರತಿದ್ರಿಲ್ಲೋ?”

ಹಾಲಿನಲ್ಲಿ ಎಲ್ಲರೂ ನಕ್ಕರು. ಪ್ರಮಿಳಾ ಕೂತು ಅದನ್ನು ಬರೆದುಕೊಂಡಳು. ದಡ್ಡಿಯಲ್ಲ ಅವಳು, ಗುರುವಿನ ಮಾತು ಅಂತ ನಂಬಿದಳು. ಸಂಜೆ ಅವಳಿಗೇ ಉತ್ತಮ ಶಿಬಿರಾರ್ಥಿ ಅಂತ ಪ್ರಮಾಣಪತ್ರ ಸಿಕ್ಕಿತು. ಅದು ಹಿಂದಿನ ದಿನವೇ ನನ್ನ ಪ್ರೆಸ್ಸಿನಿಂದ ಹೋಗಿತ್ತು, ಹೆಸರು ಮಾತ್ರ ಆಮೇಲೆ ತುಂಬಿದ್ದು. ಸ್ವಲ್ಪ ದಿನಕ್ಕೆ ಅವಳಿಗೆ ಬೆಳಗಾವಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸವಾಯಿತು.

ಭಾವನ ಮಗ ಆಕಾಶ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯುತ್ತಾನೆ, ಒಳ್ಳೆಯ ಹುಡುಗ. ಆದರೆ ಅಪ್ಪನ ಎದುರು ಅವನಿಗೂ ನಾಲಿಗೆ ಹೊರಳುವುದಿಲ್ಲ. ಖಾನಾಪುರದ ಬಾಳವ್ವನ ಮಗಳು ಪೂರ್ಣಿಮಾಳನ್ನು ಅವನಿಗೆ ತಂದೆವು. ಬಾಳವ್ವ ಗಂಡ ಸತ್ತ ಮೇಲೆ ಗೋಡಂಬಿ ಸುಲಿಯುವ ಕಾರ್ಖಾನೆಯಲ್ಲಿ ದುಡಿದು ಮಗಳನ್ನು ಪದವಿ ತನಕ ಓದಿಸಿದವಳು. ಪೂರ್ಣಿಮಾ ತವರಿನಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳಂತೆ. ಸದಾಶಿವನಗರಕ್ಕೆ ಬಂದ ಮೇಲೆ ಅವಳ ದನಿ ನಾನು ಕೇಳಿದ್ದು ‘ಚಾ ತರ್ಲೇನ್ರಿ’ ಅನ್ನುವಷ್ಟೇ.

ಮದುವೆಯಾದ ಮರುವರ್ಷ ಅವಳು ತವರಿಗೆ ಹೋದಾಗ ಕಾಲಿಗೆ ಮೊಳೆ ಚುಚ್ಚಿ ಕೀವಾಯಿತು. ಖಾನಾಪುರದ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ಮುಖ ಬಾತು, ಉಸಿರು ಕಟ್ಟಿ, ಹುಡುಗಿ ನೀಲಿಗಟ್ಟಿದಳು. ಹೇಗೋ ಉಳಿಸಿದರು. ಆ ಔಷಧದ ಹೆಸರನ್ನು ಡಾಕ್ಟರು ತಾಯಿಗೂ ಮಗಳಿಗೂ ಬಾಯಿಪಾಠ ಮಾಡಿಸಿ, ಇನ್ನೆಂದೂ ಇದನ್ನು ತಗೊಳ್ಳಬಾರದು, ಎಲ್ಲಿ ಹೋದರೂ ಮೊದಲು ಇದನ್ನೇ ಹೇಳಬೇಕು ಅಂದರು. ಬಾಳವ್ವ ಬಂದು ನನ್ನ ಅಕ್ಕನಿಗೆ ಹೇಳಿದಳು, ಅಕ್ಕ ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದಳು. ಭಾವ ರೊಟ್ಟಿ ಮುರಿಯುತ್ತ, “ಇಂಜೆಕ್ಷನ್‌ಲೆ ಹಂಗ ಆಗಂಗಿಲ್ಲ. ಅದು ಉಷ್ಣ,” ಅಂದ. ಅಲ್ಲಿಗೆ ಆ ಮಾತು ಆ ಮನೆಯಲ್ಲಿ ಸತ್ತಿತು, ನನ್ನ ಕಿವಿಗೆ ಬಿದ್ದದ್ದು ಎಲ್ಲ ಆಗಿಹೋದ ಮೇಲೆ.

ಪೂರ್ಣಿಮಾ ಬಸುರಿಯಾದಳು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗುವುದು ಎಲ್ಲರ ರೂಢಿ. ಬಾಳವ್ವ ಸೀರೆ ಕುಪ್ಪಸ ತಗೊಂಡು ಕರೆಯಲು ಬಂದರೆ, “ಖಾನಾಪುರದಾಗ ಏನೈತಿ ಅಂತ ಕಳಸ್ಲಿ? ಇಲ್ಲಿ ನಾ ಟ್ರೇನಿಂಗ್ ಕೊಟ್ಟ ಸ್ಟಾಫ್ ಐತಿ,” ಅಂತ ಭಾವ ಅವಳನ್ನು ಚಾ ಕುಡಿಸಿ ವಾಪಸ್ ಅಟ್ಟಿದ. ಸೊಸೆಗೆ ಕಾಲು ನೋವು ಅಂತ ಗೊತ್ತಾದಾಗ ತನ್ನ ಹಳೆಯ ಚರ್ಮದ ಚೀಲ ತೆಗೆದು, ಔಷಧ ಅಂಗಡಿಯ ಗೆಳೆಯನಿಂದ ತಂದ ಗುಳಿಗೆಯನ್ನು ದಿನಾ ಊಟದ ನಂತರ ತಾನೇ ಅವಳ ಕೈಯಲ್ಲಿ ಇಡತೊಡಗಿದ. ಅದು ನೋವಿಗೆ ಆಗುತ್ತದೆ ನಿಜ, ಆದರೆ ರಕ್ತ ತೆಳ್ಳಗೆ ಮಾಡುತ್ತದೆ. ಅದನ್ನು ನಮಗೆ ಆಮೇಲೆ ಡಾಕ್ಟರು ಹೇಳಿದರು, ಗುಳಿಗೆಯ ಸಂಗತಿಯೇ ನನಗೆ ಗೊತ್ತಾದದ್ದು ಆಗ. ಹೆರಿಗೆ ಡಾಕ್ಟರಿಗೆ ಇವನು ಈ ಗುಳಿಗೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಪ್ರತಿ ಸಲ ತೋರಿಸಲು ಹೋದಾಗಲೂ ಸೊಸೆಯ ಬದಲು ಇವನೇ ಕುರ್ಚಿಯಲ್ಲಿ ಕೂತು ಉತ್ತರ ಹೇಳಿ ಬರುತ್ತಿದ್ದ.

ದಿನ ತುಂಬುವ ಮೊದಲೇ ಒಂದು ಬೆಳಗ್ಗೆ, ನಸುಕಿನಲ್ಲೇ ನೀರು ಹೋಗಿದೆ ಅಂತ ಅಕ್ಕ ಫೋನ್ ಮಾಡಿದಳು. ನಾನು ಕಾರು ತಗೊಂಡು ಓಡಿದೆ. ಆಕಾಶ ಕೆಲಸಕ್ಕೆ ಹೋಗಿದ್ದ, ಸುದ್ದಿ ಮುಟ್ಟಿಸಿದೆವು. ಅಕ್ಕ ಬಟ್ಟೆ ಬರೆ ಕಟ್ಟಿಕೊಂಡು ಹಿಂದಿನಿಂದ ಬರುತ್ತೇನೆ ಅಂದಳು. ಬಾಳವ್ವ ಖಾನಾಪುರದಲ್ಲಿ ರೈಲು ಹತ್ತಿದ್ದಳು. ಪೂರ್ಣಿಮಾ, ಭಾವ, ನಾನು, ಮೂವರೇ ಆಸ್ಪತ್ರೆ ಮುಟ್ಟಿದೆವು.

ಒಳಗೆ ಹಾಸಿಗೆಯ ಮೇಲೆ ಮಲಗಿಸಿದರು. ಡಾಕ್ಟರಬಾಯಿ ಬಂದು ನೋಡಿ, ನೀರು ಹೋಗಿ ತಾಸುಗಳಾಗಿವೆ, ಸೋಂಕು ಆಗಬಾರದು, ಇಂಜೆಕ್ಷನ್ ಕೊಡಿ, ಮೊದಲು ಎಲ್ಲ ಕೇಳಿ ಬರೆದುಕೊಳ್ಳಿ ಅಂತ ಹೇಳಿ ಪಕ್ಕದ ಕೋಣೆಗೆ ಹೋದರು. ಬರೆದುಕೊಳ್ಳಲು ಬಂದವಳು ಪ್ರಮಿಳಾ. ಭಾವನನ್ನು ನೋಡಿದ್ದೇ ತಡ ಅವಳ ಮುಖ ಅರಳಿತು.

“ಸರ, ನೀವು ಇಲ್ಲಿ? ಕುಂದರ್ರಿ.”

“ನಮ್ಮ ಸೊಸಿ ನೋಡವಾ. ಕೇಳು, ಏನ್ ಕೇಳ್ತಿ.”

ಹಾಸಿಗೆಯ ಮೇಲೆ ಇದ್ದವಳು ಪೂರ್ಣಿಮಾ, ಪ್ರಮಿಳಾ ತಿರುಗಿ ನಿಂತದ್ದು ಭಾವನ ಕಡೆಗೆ. ಗುರುವಿಗೆ ತೋರಿಸುವ ಆಸೆ ಪಾಪ, ಕಲಿಸಿದ ಹಾಗೆ ಒಂದೂ ಬಿಡದೆ ಕೇಳಿದಳು. ಅವನೂ ಒಂದೂ ಬಿಡದೆ ಹೇಳಿದ.

“ಮೊದಲ ಏನರ ದೊಡ್ಡ ಜಡ್ಡು?”

“ಇಲ್ಲ.”

“ಈಗ ಏನರ ಗುಳಿಗಿ ತಗೊಳ್ಳಾಕತ್ತಾರೇನ್ರಿ?”

“ಇಲ್ಲ.” ಹಿಂದಿನ ದಿನ ಮಧ್ಯಾಹ್ನ ಗುಳಿಗೆ ಕೈಗಿಟ್ಟವನು ಇವನೇ. ಅದು ತಾನು ಕೊಟ್ಟದ್ದಾದ್ದರಿಂದ ಔಷಧದ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವನ ತಲೆಯಲ್ಲಿ ಇದ್ದಿರಬೇಕು.

“ಯಾವುದರ ಇಂಜೆಕ್ಷನ್ ಮೈಗೆ ಹಿಡಿಯಂಗಿಲ್ಲ ಅಂತ ಐತೇನ್ರಿ?”

ಪೂರ್ಣಿಮಾ ಮೊಣಕೈ ಊರಿ ಏಳಲು ನೋಡಿದಳು. “ಸಿಸ್ಟರ, ನನಗ...”

“ನೀ ಸುಮ್ಕಿರವಾ. ನಾ ಹೇಳಾಕತ್ತೇನಲ್ಲ,” ಅಂದ ಭಾವ. ಪ್ರಮಿಳಾ ಕಡೆ ತಿರುಗಿ, “ಇಲ್ಲ ಅಂತ ಬರಿ,” ಅಂದ.

ಅಷ್ಟರಲ್ಲಿ ಅವನ ಕಿಸೆಯಲ್ಲಿ ಪೂರ್ಣಿಮಾಳ ಫೋನು ರಿಂಗಾಯಿತು. ಅದನ್ನೂ ಅವನೇ ಇಟ್ಟುಕೊಂಡಿದ್ದ. ತೆಗೆದು ನೋಡಿದ, ‘ಅವ್ವ’ ಅಂತ ಇತ್ತು. ಆಮೇಲೆ ತಿಳಿದದ್ದು, ಬಾಳವ್ವನ ರೈಲು ಕ್ರಾಸಿಂಗಿಗೆ ದೇಸೂರಿನಲ್ಲಿ ನಿಂತಿತ್ತು, ಅವಳು ಪ್ಲಾಟ್‌ಫಾರ್ಮಿಗೆ ಇಳಿದು ಹಳೆಯ ಇಂಜೆಕ್ಷನ್ನಿನ ಮಾತೊಂದನ್ನೇ ಹೇಳಲು ಫೋನ್ ಮಾಡುತ್ತಿದ್ದಳು. ಭಾವ ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. “ಈ ಬೀಗರಿಗೆ ಒಂದ ಚೂರು ಹೊತ್ತು ಗೊತ್ತು ಇಲ್ಲ,” ಅಂತ ನನಗೆ ಹೇಳಿದ.

“ಸರ, ಮೊದಲ ಒಂದೀಟ ಟೆಸ್ಟ್ ಕೊಟ್ಟು ನೋಡೂಣೇನ್ರಿ?” ಅಂತ ಪ್ರಮಿಳಾ ಕೇಳಿದಳು. ಡಾಕ್ಟರನ್ನು ಕೇಳಬೇಕಾದ ಮಾತು, ಇವನನ್ನು ಕೇಳಿದಳು.

“ಎದಕ ಅದು? ಹೇಳಿದ್ನಲ್ಲ ಇಲ್ಲ ಅಂತ.”

ಸೂಜಿ ಹೋಯಿತು. ಪೂರ್ಣಿಮಾ ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಅಂಗೈ ಕೆರೆದುಕೊಳ್ಳತೊಡಗಿದಳು. ಆಮೇಲೆ ತುಟಿ ದಪ್ಪಗಾಯಿತು, ಕಣ್ಣಿನ ರೆಪ್ಪೆ ಊದಿತು, ಗಂಟಲಿನಿಂದ ಸೀಟಿ ಹೊಡೆದ ಹಾಗೆ ಉಸಿರು ಬಂತು. ನಾನು ಹೆದರಿ ಡಾಕ್ಟರಬಾಯಿಯನ್ನು ಕೂಗುತ್ತ ಓಡಿದೆ. ನಾನು ಅವರನ್ನು ಕರೆದುಕೊಂಡು ಬರುವಾಗ ಈ ಮಹಾಶಯ ಸೊಸೆಯ ತಲೆಯ ಹತ್ತಿರ ನಿಂತು ಪ್ರಮಿಳಾಗೆ ಹೇಳುತ್ತಿದ್ದ, “ಗ್ಯಾಸ್ ಆಗೇತಿ. ಮುಂಜಾನೆ ಅವಲಕ್ಕಿ ತಿಂದಾಳ.”

ಡಾಕ್ಟರಬಾಯಿ ಒಂದು ನೋಟದಲ್ಲಿ ತಿಳಿದುಕೊಂಡರು. ತೊಡೆಗೆ ಬೇರೆ ಇಂಜೆಕ್ಷನ್ ಹೋಯಿತು, ಮೂಗಿಗೆ ಆಮ್ಲಜನಕ ಬಂತು, ಕಾಲು ಎತ್ತಿ ಇಟ್ಟರು, ಇನ್ನಿಬ್ಬರು ಓಡಿ ಬಂದರು. ಹುಡುಗಿ ಕಣ್ಣು ಮೇಲೆ ಮಾಡಿದಳು. ನಮ್ಮ ಮನೆಗೆ ಬಂದ ಹೆಣ್ಣುಮಗು, ನಮ್ಮ ಕಣ್ಣ ಮುಂದೆ, ಒಬ್ಬನ ಬಾಯಿ ಚಪಲಕ್ಕೆ ಸಾಯುತ್ತಿದೆ ಅನ್ನಿಸಿತು. ಬಹಳ ಹೊತ್ತಿನ ಮೇಲೆ ಸೀಟಿ ನಿಂತಿತು, ಉಸಿರು ಹಾದಿಗೆ ಬಂತು.

ಡಾಕ್ಟರಬಾಯಿ ತಿರುಗಿ ಕೇಳಿದರು. “ಅಲರ್ಜಿ ಇಲ್ಲ ಅಂತ ಹೇಳಿದವರು ಯಾರು?”

ಭಾವ ಪ್ರಮಿಳಾ ಕಡೆ ಕೈ ಮಾಡಿದ. “ಸಿಸ್ಟರ ಬರದಾಳ್ರಿ ಮೇಡಂ. ಪೇಶಂಟನ್ನ ಸರಿಯಾಗಿ ಕೇಳಿ ಬರೀಬೇಕಾಗಿತ್ತು. ನಾವು ಟ್ರೇನಿಂಗ್‌ದಾಗ ಅದನ್ನ ಹೇಳ್ತೇವಿ.”

ನಲವತ್ತು ವರ್ಷ ಕಂಡಿದ್ದೇನೆ ಈ ಮನುಷ್ಯನನ್ನು. ಆ ಕ್ಷಣದಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಪ್ರಮಿಳಾ ಅಳುತ್ತಿದ್ದಳು, ಆದರೆ ಇವನ ಹಾಗೆ ಜಾರಿಕೊಳ್ಳಲಿಲ್ಲ. “ನಾ ಅವರನ್ನ ಕೇಳಲಿಲ್ರಿ ಮೇಡಂ. ಸರನ್ನ ಕೇಳಿ ಬರದೆ. ನಂದ ತಪ್ಪು,” ಅಂದಳು.

ಬೈಯಲು ಡಾಕ್ಟರಬಾಯಿಗೆ ಹೊತ್ತಿರಲಿಲ್ಲ. ಮಗುವಿನ ಎದೆಬಡಿತ ಇಳಿಯುತ್ತಿತ್ತು, ಕೂಡಲೇ ಆಪರೇಷನ್ ಮಾಡಿ ತೆಗೆಯಬೇಕು. ಕತ್ತಿ ಹಾಕುವ ಮೊದಲು, ಆ ಹಾಳೆಯಲ್ಲಿ ಇನ್ನೇನು ಸುಳ್ಳಿದೆ ಅಂತ ತಿಳಿಯಬೇಕಿತ್ತು. ಅವರು ಪೂರ್ಣಿಮಾಳ ಮೇಲೆ ಬಾಗಿ ಮೆಲ್ಲಗೆ ಕೇಳಿದರು, “ಇನ್ನ ಏನರ ಹೇಳೂದು ಐತೇನವಾ? ಏನರ ಗುಳಿಗಿ, ಏನರ ಔಷಧ?”

“ಬ್ಯಾರೆ ಏನೂ ಇಲ್ರಿ,” ಅಂದ ಗುರುಪುತ್ರಪ್ಪ.

ಇನ್ನೂ ತುಟಿಯ ಬಾವು ಇಳಿಯದ ಹುಡುಗಿ ಮೂಗಿನ ಮೇಲಿನ ಮಾಸ್ಕನ್ನು ಬದಿಗೆ ಎಳೆದಳು. ಮಾವನ ಕಡೆ ನೋಡಲಿಲ್ಲ, ಡಾಕ್ಟರಬಾಯಿಯನ್ನೇ ನೋಡಿದಳು.

“ಅವರನ್ನ ಹೊರಗ ಕಳಸ್ರಿ. ಆಮ್ಯಾಲೆ ಹೇಳ್ತೀನಿ.”

“ಆಕಿಗೆ ಬುದ್ಧಿ ಸ್ಥಿಮಿತ ಇಲ್ರಿ ಮೇಡಂ, ನಾ ಆಕಿ ಮಾವ, ನಾ ನಿಮ್ಮ ಸ್ಟಾಫಿಗೆ...” ಅಂತ ಭಾವ ಶುರು ಮಾಡಿದ. ಡಾಕ್ಟರಬಾಯಿ ಬಾಗಿಲ ಕಡೆ ಬೆರಳು ತೋರಿಸಿದರು. ನಾನು ಅವನ ರಟ್ಟೆ ಹಿಡಿದೆ. ಭಾವನ ಮೈ ಮುಟ್ಟಿ ಎಳೆಯುವುದು ನಮ್ಮಲ್ಲಿ ಇಲ್ಲದ ಪದ್ಧತಿ. ಎಳೆದುಕೊಂಡು ಬಂದು ಹೊರಗಿನ ಬೆಂಚಿನ ಮೇಲೆ ಕೂಡಿಸಿದೆ.

ಹೊರಗೆ ಕೂತವನು ಎರಡು ಸಲ ಎದ್ದು ಬಾಗಿಲಿಗೆ ಕಿವಿ ಕೊಡಲು ಹೋದ. ಎರಡೂ ಸಲ ಕೂಡಿಸಿದೆ. ಅಷ್ಟರಲ್ಲಿ ಬಾಳವ್ವ ಬಂದಳು, ಸ್ಟೇಷನ್ನಿನಿಂದ ಆಟೋ ಹಿಡಿದು, ಸೆರಗು ಒಂದು ಕಡೆ, ಚಪ್ಪಲಿ ಒಂದು ಕಡೆ. “ನನ್ನ ಮಗಳು ಹೆಂಗದಾಳ್ರಿ?” ಅಂತ ಕೇಳಿದಳು.

“ಎಲ್ಲಾ ನಾರ್ಮಲ್ ಐತ್ರಿ, ಕಾಳಜಿ ಮಾಡಬ್ಯಾಡ್ರಿ,” ಅಂದ ಭಾವ. ಉಸಿರು ನಿಂತು ಬಂದ ಹುಡುಗಿಯ ತಾಯಿಗೆ ಹೇಳಿದ ಮಾತು ಇದು.

“ಸುಳ್ಳ್ರಿ ಅಕ್ಕಾರ,” ಅಂತ ನಾನು ಆದದ್ದನ್ನೆಲ್ಲ ಹೇಳಿದೆ. ಬಾಳವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಎದ್ದು ಭಾವನಿಗೆ ನಾಲ್ಕು ಬಾರಿಸಿದ್ದರೂ ನಾನು ಬಿಡಿಸುತ್ತಿರಲಿಲ್ಲ.

ಒಳಗೆ ಪೂರ್ಣಿಮಾ ಗುಳಿಗೆಯ ಮಾತು ಹೇಳಿದ್ದಳು. ಯಾವ ಬಣ್ಣ, ಯಾರು ಕೊಡುತ್ತಿದ್ದರು, ನಿನ್ನೆ ಮಧ್ಯಾಹ್ನವೂ ತಗೊಂಡದ್ದು, ಎಲ್ಲ. ಡಾಕ್ಟರಬಾಯಿ ಕತ್ತಿ ಮುಟ್ಟಿಸುವ ಮೊದಲೇ ರಕ್ತ ತರಿಸಿ ಇಟ್ಟುಕೊಂಡರು, ಅರಿವಳಿಕೆಯ ರೀತಿಯನ್ನೇ ಬದಲಿಸಿದರು. ಆಕಾಶ ಬಂದು ಮುಟ್ಟಿದಾಗ ಅವಳನ್ನು ಒಳಗೆ ಒಯ್ಯುತ್ತಿದ್ದರು. ಹೆಣ್ಣು ಕೂಸು ಹುಟ್ಟಿತು. ತಾಯಿಗೆ ರಕ್ತ ಬಹಳ ಹೋಯಿತು, ತರಿಸಿಟ್ಟದ್ದೆಲ್ಲ ಏರಿಸಿದರು, ಉಳಿದಳು. ಆ ಹುಡುಗಿ ಬಾಯಿ ಬಿಡದಿದ್ದರೆ ನಾವು ರಕ್ತಕ್ಕೆ ಓಡುವುದರೊಳಗೆ ಮುಗಿದಿರುತ್ತಿತ್ತು ಅಂತ ಡಾಕ್ಟರಬಾಯಿ ಆಕಾಶನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆಕಾಶ ತಲೆ ಎತ್ತಿ ಅಪ್ಪನನ್ನು ನೋಡಿದ. ಅಪ್ಪ ಯಾರಿಗೋ ಫೋನಿನಲ್ಲಿ ಪೇಢೆಯ ಅಂಗಡಿ ಯಾವುದು ಒಳ್ಳೆಯದು ಅಂತ ಹೇಳುತ್ತಿದ್ದ.

ಬಿಡುಗಡೆಯ ದಿನ ಎಲ್ಲರೂ ಅಲ್ಲೇ ಇದ್ದೆವು. ಪ್ರಮಿಳಾ ಬಂದಳು. ಆಸ್ಪತ್ರೆಯವರು ಅವಳಿಗೆ ತಾಕೀತು ಮಾಡಿ ಕೆಲಸದಲ್ಲಿ ಉಳಿಸಿಕೊಂಡಿದ್ದರು. ಅವಳು ಸ್ಟೂಲು ಎಳೆದು ಪೂರ್ಣಿಮಾಳ ಮುಖದ ಎದುರಿಗೆ ಕೂತಳು.

“ಅಕ್ಕಾರ, ಇಲ್ಲಿಂದ ಎಲ್ಲಿಗಿ ಹೋಗ್ತೀರಿ? ಕೂಸಿನ ಸಂಬಂಧ ನಾವು ಬಂದು ನೋಡತೇವಿ.”

“ಸದಾಶಿವನಗರ, ಎರಡನೇ...” ಅಂತ ಭಾವ ಎತ್ತಿದ.

“ಖಾನಾಪುರ,” ಅಂದಳು ಪೂರ್ಣಿಮಾ. ದೊಡ್ಡದಾಗಿ ಹೇಳಲಿಲ್ಲ. ಪ್ರಮಿಳಾ ಭಾವನ ಕಡೆ ತಿರುಗಿಯೂ ನೋಡದೆ ಓಣಿಯ ಹೆಸರು ಕೇಳಿದಳು. ಬಾಳವ್ವನ ಮನೆಯ ಓಣಿ, ಫೋನ್ ನಂಬರು, ಎಲ್ಲವನ್ನೂ ಪೂರ್ಣಿಮಾ ಒಂದೊಂದಾಗಿ ಹೇಳಿದಳು.

ಭಾವ ನಕ್ಕ. “ಬಾಣಂತಿ ಮಾತು ಏನ್ ಕೇಳ್ತಿ? ನಮ್ಮ ಮನ್ಯಾಗ ಎಲ್ಲಾ ತಯಾರಿ ಆಗೇತಿ. ಏನೋ ಆಕಾಶ?”

ಆಕಾಶ ಚೀಲ ಎತ್ತಿಕೊಂಡ. “ಮಾಮಾ, ಗಾಡಿ ಖಾನಾಪುರಕ್ಕ ತಗೀರಿ,” ಅಂತ ನನಗೆ ಹೇಳಿ ಮುಂದೆ ನಡೆದ. ಹುಡುಗ ಹಿಂದಕ್ಕೆ ತಿರುಗಲಿಲ್ಲ.

ಗಾಡಿಯ ಮುಂದೆ ನಾನು, ಬಾಜೂಕೆ ಆಕಾಶ. ಹಿಂದೆ ಬಾಳವ್ವ, ಪೂರ್ಣಿಮಾ, ಮಡಿಲಲ್ಲಿ ಕೂಸು. ಒಬ್ಬರಿಗೆ ಜಾಗ ಉಳಿದಿತ್ತು. ಭಾವ ಅಂಗಿಯ ಕೈ ಸರಿ ಮಾಡಿಕೊಳ್ಳುತ್ತ ಬಾಗಿಲಿಗೆ ಬಂದ. ಅಷ್ಟರಲ್ಲಿ ನನ್ನ ಅಕ್ಕ ಬಸವಣ್ಣೆವ್ವ, ಇಷ್ಟು ಹೊತ್ತು ಕಂಬದ ಹತ್ತಿರ ನಿಂತಿದ್ದವಳು, ಕುಂಟುತ್ತ ಬಂದು, ಅವನನ್ನು ದಾಟಿ, ಒಳಗೆ ಕೂತಳು.

“ನೀ ಎಲ್ಲಿಗಿ?” ಅಂತ ಕೇಳಿದ ಭಾವ.

ಅಕ್ಕ ಕೂಸಿನ ತಲೆಯ ಮೇಲಿನ ಕುಂಚಿಗೆಯನ್ನು ಸರಿ ಮಾಡುತ್ತಿದ್ದಳು. ಕೈ ಚಾಚಿ ಬಾಗಿಲು ಎಳೆದುಕೊಂಡಳು.

ಆದರೂ ಆ ಬಾಯಿ ಸುಮ್ಮನಿರಬೇಕಲ್ಲ. ಕಿಟಕಿಯೊಳಗೆ ತಲೆ ಹಾಕಿ ಬಾಳವ್ವನಿಗೆ ಹೇಳತೊಡಗಿದ, “ಅಲ್ಲಿ ಯಾರರ ಡಾಕ್ಟರ ಏನರ ಕೇಳಿದ್ರ ನನಗ ಫೋನ್ ಹಚ್ಚಿ ಕೊಡ್ರಿ, ನಾ ಹೇಳ್ತೀನಿ. ನಿಮಗ ಇದೆಲ್ಲಾ...”

“ಈರಣ್ಣ, ಗ್ಲಾಸ್ ಏರಸು,” ಅಂದಳು ಅಕ್ಕ.

ನಾನು ಗುಂಡಿ ಒತ್ತಿದೆ. ಅವನು ತಲೆ ಹಿಂದಕ್ಕೆ ತಗೊಂಡ. ಗಾಜಿನ ಆಚೆ ಅವನ ಬಾಯಿ ಇನ್ನೂ ಆಡುತ್ತಿತ್ತು, ಒಳಗೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ.